ಜಗತ್ತಿಗೆಲ್ಲಾ ನೂರೇ ನೂರು ಹೆಸರು

1688. ಈ ನಾಲ್ಕು ಅಂಕಿಗಳನ್ನು ಚೀನೀ ಭಾಷೆಯಲ್ಲಿ ಒಮ್ಮೆ ಜೋರಾಗಿ ಓದಿ ನೋಡಿ: ಯೀ, ಲ್ಯೂ, ಬಾ, ಬಾ. ಇನ್ನೊಮ್ಮೆ, ಉಸಿರು ನಿಲ್ಲಿಸದೆ, ಸ್ವಲ್ಪ ಬೇಗ. ಯೀಲ್ಯೂಬಾಬಾ. ಕಿವಿಗೆ ಏನು ಬಿತ್ತು? ಅಲಿಬಾಬಾ! ಹೌದು, ಚೀನಾದ ದೈತ್ಯ ಕಂಪನಿ ಅಲಿಬಾಬಾ ತನ್ನ ದೇಶದೊಳಗಿನ ಸಗಟು ಮಾರುಕಟ್ಟೆಯನ್ನು ನಡೆಸುತ್ತಿರುವುದು ಇದೇ ವಿಳಾಸದಲ್ಲಿ: 1688 ಡಾಟ್ ಕಾಮ್. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಅಂಕಿಗಳಲ್ಲಿ ಇನ್ನೊಂದು ಅರ್ಥವೂ ಅಡಗಿದೆ. 168 ಅಂದರೆ ಅಲ್ಲಿಯವರ ಕಿವಿಯಲ್ಲಿ ‘ದಾರಿಯುದ್ದಕ್ಕೂ ಸಂಪತ್ತು’ ಎಂಬಂತೆ ಕೇಳುತ್ತದೆ. ಕಂಪನಿಯ ಹೆಸರು, ವ್ಯಾಪಾರಿಗೆ ಹಾರೈಕೆ, ಅಂಗಡಿಯ ವಿಳಾಸ, ಮೂರೂ ನಾಲ್ಕೇ ಅಂಕಿಗಳಲ್ಲಿ!

ನಾನು ಈ ಲೋಕದೊಳಗೆ ಇಣುಕಿದ್ದು ಹಣದ ಬಾಗಿಲಿನಿಂದ. ಎರಡು ಅಂಕಿಯ, ಮೂರು ಅಂಕಿಯ ಇಂಟರ್ನೆಟ್ ವಿಳಾಸಗಳನ್ನು ಜನ ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರಂತೆ, ಯಾಕೆ ಎಂಬ ಕುತೂಹಲ ಅಷ್ಟೆ. ಒಳಗೆ ಹೋದಮೇಲೆ ತಿಳಿಯಿತು, ಇಲ್ಲಿ ಮಾರಾಟಕ್ಕಿರುವುದು ಅಂಕಿಗಳೇ ಅಲ್ಲ. ಅವುಗಳ ಸದ್ದು.

ಇನ್ನೊಂದು ನೋಡಿ. ಚೀನಾದಲ್ಲಿ ಮೆಕ್‌ಡೊನಾಲ್ಡ್ಸ್ ಮನೆಬಾಗಿಲಿಗೆ ತಿಂಡಿ ತಲುಪಿಸುವ ಫೋನ್ ನಂಬರು 4008-517-517. ಆ ನಂಬರನ್ನೇ ಅವರು ವೆಬ್ ವಿಳಾಸವಾಗಿಯೂ ಬಳಸಿದರು. 517 ಯಾಕೆ? ಐದು, ಒಂದು, ಏಳು: ವು, ಯಾವ್, ಚೀ. ‘ನನಗೆ ತಿನ್ನಬೇಕು’ ಎನ್ನುವ ಮಾತಿಗೆ ಇದು ತೀರಾ ಹತ್ತಿರ. ಹಸಿದವನು ನಂಬರು ಒತ್ತುವಾಗಲೇ ಹಸಿವಾಗಿದೆ ಅಂತ ಹೇಳಿಬಿಟ್ಟಿರುತ್ತಾನೆ, ಅದೂ ಎರಡೆರಡು ಸಲ! 51 ಜಾಬ್ ಎಂಬ ಉದ್ಯೋಗ ತಾಣದ ಹೆಸರಲ್ಲಿ 51 ಇರುವುದೂ ಇದೇ ಕಾರಣಕ್ಕೆ. ‘ನನಗೆ ಬೇಕು’ ಎನ್ನುವ ಸದ್ದು ಅದು. 520 ಅಂದರೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ.’ ಅದಕ್ಕೇ ಮೇ 20ರಂದು ಚೀನಾದ ಮದುವೆ ನೋಂದಣಿ ಕಚೇರಿಗಳ ಮುಂದೆ ಜೋಡಿಗಳ ಸಾಲು. 1314 ಅಂದರೆ ‘ಜನ್ಮಪೂರ್ತಿ’. ಎರಡನ್ನೂ ಜೋಡಿಸಿ 5201314 ಎಂದು ಬರೆದು ಕಳಿಸಿದರೆ ಪ್ರೇಮಪತ್ರವೇ ಮುಗಿಯಿತು. ವಿದಾಯಕ್ಕೆ 88, ಯಾಕೆಂದರೆ ‘ಬಾ ಬಾ’ ಎಂಬುದು ‘ಬೈ ಬೈ’ಗೆ ಸಾಕಷ್ಟು ಹತ್ತಿರ. ಕಾಪಾಡಿ ಎನ್ನಲು 995. ಸಿಟ್ಟು ನೆತ್ತಿಗೇರಿದರೆ 7456.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಏನೋ ಹೊಳೆದಿರಬಹುದು. ಕಟಪಯಾದಿ! ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ಸಂಖ್ಯೆಯನ್ನು ಬಚ್ಚಿಟ್ಟಿದ್ದಾರಲ್ಲ. ಧೀರಶಂಕರಾಭರಣದ ‘ಧೀ’ ಒಂಬತ್ತು, ‘ರ’ ಎರಡು. ಹಿಂದುಮುಂದು ಮಾಡಿದರೆ 29. ಮೇಚಕಲ್ಯಾಣಿಯ ‘ಮೇ’ ಐದು, ‘ಚ’ ಆರು, ತಿರುಗಿಸಿದರೆ 65. ನಮ್ಮವರು ಸಂಖ್ಯೆಯನ್ನು ನೆನಪಿಡಲು ಅದನ್ನು ಹೆಸರಿನೊಳಗೆ ಅಡಗಿಸಿದರು. ಚೀನೀಯರು ಮಾತನ್ನು ನೆನಪಿಡಲು ಅದನ್ನು ಸಂಖ್ಯೆಯೊಳಗೆ ಅಡಗಿಸಿದರು. ಒಂದೇ ಜಾಣತನ, ಎದುರುಬದುರು ದಿಕ್ಕಿನಲ್ಲಿ.

ಆದರೆ ಅಲ್ಲಿಯವರಿಗೆ ಇದು ಬರೀ ಜಾಣತನವಾಗಿರಲಿಲ್ಲ, ಅಗತ್ಯವಾಗಿತ್ತು. 1990ರ ದಶಕದ ಕೊನೆಗೆ ಹೋಗಿ ನಿಲ್ಲಿ. ಇಂಟರ್ನೆಟ್ ವಿಳಾಸ ಅಂದರೆ ಇಂಗ್ಲಿಷ್ ಅಕ್ಷರ. ಚೀನಾದ ಒಬ್ಬ ಸಾಮಾನ್ಯ ಮನುಷ್ಯ ಸಾವಿರಾರು ಚಿತ್ರಾಕ್ಷರಗಳನ್ನು ಓದಬಲ್ಲ. ಅವನ್ನೇ ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ಶಾಲೆಯಲ್ಲಿ ಕಲಿತಿರಬಹುದು, ಮರೆತಿರಲೂಬಹುದು. ಪಿನ್‌ಯಿನ್‌ನಲ್ಲಿ ಒಂದೇ ಕಾಗುಣಿತಕ್ಕೆ ಹತ್ತಾರು ಬೇರೆ ಬೇರೆ ಪದಗಳು ಸಿಗುತ್ತವೆ. ಆದರೆ ಅಂಕಿ? ತರಕಾರಿ ಮಾರುವ ಮುದುಕಿಗೂ ಗೊತ್ತು. ಕೀಬೋರ್ಡಿನ ಮೇಲಿನ ಸಾಲು, ಅಷ್ಟೇ ಸಾಕು.

ಆಗ ಚೀನಾದಲ್ಲಿ ಇಂಟರ್ನೆಟ್ಟಿಗೆ ಸೇರಲು ಮೋಡೆಮ್‌ನಿಂದ ಡಯಲ್ ಮಾಡಬೇಕಿದ್ದ ನಂಬರು 163. 1997ರಲ್ಲಿ ಗ್ವಾಂಗ್‌ಜೌ ನಗರದಲ್ಲಿ ನೆಟ್‌ಈಸ್ ಎಂಬ ಕಂಪನಿ ಶುರುಮಾಡಿದ ಡಿಂಗ್ ಲೇ ಎಂಬ ಯುವಕ ಏನು ಮಾಡಿದ ಗೊತ್ತೇ? ತನ್ನ ತಾಣಕ್ಕೆ ಆ ನಂಬರನ್ನೇ ಹೆಸರಾಗಿ ಇಟ್ಟ: 163 ಡಾಟ್ ಕಾಮ್. ಇಂಟರ್ನೆಟ್ಟಿಗೆ ಬರುವವರೆಲ್ಲಾ ಹೇಗೂ ಆ ಮೂರು ಅಂಕಿ ಒತ್ತಿಯೇ ಬರುತ್ತಾರೆ. ಅವರಿಗೆ ಹೊಸ ಹೆಸರು ಯಾಕೆ ಕಲಿಸಬೇಕು? ಎಂಥಾ ಯೋಚನೆ! ಇಂದಿಗೂ ಕೋಟ್ಯಂತರ ಚೀನೀಯರ ಇಮೇಲ್ ವಿಳಾಸದ ಬಾಲದಲ್ಲಿ 163 ಇದೆ. ಮೋಡೆಮ್‌ಗಳು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ನಂಬರು ಮಾತ್ರ ಉಳಿದಿದೆ.

1999ರ ಫೆಬ್ರವರಿಯಲ್ಲಿ ಬಂದ ಕ್ಯೂಕ್ಯೂ ಎಂಬ ಸಂದೇಶ ಸೇವೆ ಈ ರೂಢಿಯನ್ನು ಗಟ್ಟಿಮಾಡಿತು. ಅಲ್ಲಿ ಪ್ರತಿಯೊಬ್ಬರ ಗುರುತೂ ಒಂದು ಸಂಖ್ಯೆ. 10001 ಸ್ಥಾಪಕ ಮಾ ಹುವಾತಂಗ್ ಅವರದು. ಐದೇ ಅಂಕಿಯ ಹಳೆಯ ಕ್ಯೂಕ್ಯೂ ನಂಬರು ಇದ್ದವರನ್ನು ಉಳಿದವರು ಆಸೆಗಣ್ಣಿನಿಂದ ನೋಡತೊಡಗಿದರು. ಸರ್ಕಾರಿ ವ್ಯವಸ್ಥೆಯೂ ಇದೇ ದಾರಿ ಹಿಡಿಯಿತು. ರೈಲು ಟಿಕೆಟ್ ಬೇಕೇ? 12306, ಅದು ರೈಲ್ವೆಯ ಸಹಾಯವಾಣಿಯೂ ಹೌದು, ಜಾಲತಾಣವೂ ಹೌದು. ಚೀನಾ ಮೊಬೈಲ್ 10086, ಚೀನಾ ಯೂನಿಕಾಮ್ 10010. ಫೋನು, ಅಂಗಡಿ, ವೆಬ್ಬು ಎಲ್ಲಕ್ಕೂ ಒಂದೇ ನಂಬರು. ನಮ್ಮಲ್ಲಿ ಆಂಬ್ಯುಲೆನ್ಸ್ ಅನ್ನುವ ಬದಲು ‘108ಕ್ಕೆ ಹೇಳಿ’ ಎನ್ನುತ್ತೇವಲ್ಲ, ಅಲ್ಲಿ ಹೆಚ್ಚೂಕಡಿಮೆ ಇಡೀ ವ್ಯವಹಾರವೇ ಹಾಗೆ.

ಈಗ ಸ್ವಲ್ಪ ಹಿಂದಕ್ಕೆ, ಅಮೆರಿಕಕ್ಕೆ. ಯಾಕೆಂದರೆ ಇಷ್ಟೆಲ್ಲ ಆಗದೇ ಇರುವ ಸಾಧ್ಯತೆಯೂ ಇತ್ತು! ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಕಂಪ್ಯೂಟರಿನ ಹೆಸರು ಅಂಕಿಯಿಂದ ಶುರುವಾಗುವುದಕ್ಕೇ ಅನುಮತಿ ಇರಲಿಲ್ಲ. 1985ರ ಅಕ್ಟೋಬರಿನ ಆರ್‌ಎಫ್‌ಸಿ 952 ಎಂಬ ನಿಯಮಪತ್ರ ಸ್ಪಷ್ಟವಾಗಿ ಹೇಳುತ್ತದೆ, ಮೊದಲನೆಯದು ಅಕ್ಷರವೇ ಆಗಿರಬೇಕು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳ ಐಪಿ ವಿಳಾಸದಿಂದ. ಹೆಸರಿನಲ್ಲೂ ಬರೀ ಅಂಕಿ ಬಂದರೆ ಹೆಸರು ಯಾವುದು, ವಿಳಾಸ ಯಾವುದು? ಕಷ್ಟ ಅರ್ಥವಾಗುವಂಥದ್ದೇ. ನಾಲ್ಕು ವರ್ಷದ ನಂತರ, 1989ರ ಅಕ್ಟೋಬರಿನಲ್ಲಿ, ಆರ್‌ಎಫ್‌ಸಿ 1123 ಬಂತು. ಅದರಲ್ಲಿ ಈ ಕಟ್ಟುಪಾಡು ಸಡಿಲವಾಯಿತು. ಮೊದಲನೆಯದು ಅಕ್ಷರವಾಗಲಿ, ಅಂಕಿಯಾಗಲಿ ಸರಿ ಎಂದಾಯಿತು. ಗೊಂದಲದ ಗತಿ? ಅವರ ಉತ್ತರ ಓದಿ ನಾನು ಮೇಜು ತಟ್ಟಿದೆ. ಹೆಸರಿನ ಕೊನೆಯ ತುಂಡು, ಅಂದರೆ ‘ಕಾಮ್’ ಇತ್ಯಾದಿ, ಹೇಗಿದ್ದರೂ ಅಕ್ಷರದಲ್ಲೇ ಇರುತ್ತದೆ. ಆದ್ದರಿಂದ ಹೆಸರು ಎಂದಿಗೂ ನಾಲ್ಕು ಸಂಖ್ಯೆಯ ವಿಳಾಸದಂತೆ ಕಾಣಲಾರದು. ಮುಗಿಯಿತು! ಒಣ ತಾಂತ್ರಿಕ ಕಾಗದವೊಂದರ ಒಂದು ಸಣ್ಣ ಪರಿಚ್ಛೇದ. ಅಷ್ಟರಲ್ಲೇ ಮುಂದೊಂದು ದಿನ ಕೋಟಿಗಟ್ಟಲೆ ಡಾಲರು ಓಡಾಡಲಿರುವ ಹೆದ್ದಾರಿಗೆ ಬಾಗಿಲು ತೆರೆದಿತ್ತು. ಬರೆದವರಿಗೆ ಅದರ ಸುಳಿವೂ ಇದ್ದಿರಲಾರದು.

ಈಗ ಲೆಕ್ಕಕ್ಕೆ ಬನ್ನಿ. ಈ ಲೆಕ್ಕ ಮಾಡುವಾಗಲೇ ನನಗೆ ಮೈ ಜುಮ್ಮೆಂದದ್ದು.

00ರಿಂದ 99ರವರೆಗೆ ಎರಡು ಅಂಕಿಯ ಡಾಟ್ ಕಾಮ್ ಹೆಸರು ಎಷ್ಟು? ನೂರು. ಎಂಟುನೂರು ಕೋಟಿ ಜನರ ಈ ಭೂಮಿಗೆ ನೂರೇ ನೂರು. ಇನ್ನೊಂದನ್ನು ಯಾರೂ ಹುಟ್ಟಿಸಲಾರರು. ಚಿನ್ನ ಮುಗಿದರೆ ಹೊಸ ಗಣಿ ಸಿಕ್ಕೀತು, ಸಮುದ್ರ ತುಂಬಿ ನೆಲ ಮಾಡಿಯಾರು, ಆದರೆ 99ರ ಮುಂದೆ ಎರಡಂಕಿಯ ಸಂಖ್ಯೆ ಇಲ್ಲ! ಮೂರು ಅಂಕಿಯವು ಸಾವಿರ. ನಾಲ್ಕು ಅಂಕಿಯವು ಹತ್ತು ಸಾವಿರ, ನಮ್ಮದೊಂದು ದೊಡ್ಡ ಹಳ್ಳಿಯ ಜನಸಂಖ್ಯೆಯಷ್ಟು. ಐದು ಅಂಕಿಯವು ಒಂದು ಲಕ್ಷ. ಚೀನೀ ಕೊಳ್ಳುಗರು ಬೇಡವೆನ್ನುವ 4 ಮತ್ತು ಅಷ್ಟಾಗಿ ಇಷ್ಟಪಡದ 0, ಇವೆರಡನ್ನೂ ಬಿಟ್ಟು ಲೆಕ್ಕ ಹಾಕಿದರೆ ಎರಡು ಅಂಕಿಯವು 64, ಮೂರು ಅಂಕಿಯವು 512, ನಾಲ್ಕು ಅಂಕಿಯವು 4,096.

ಒಂದೇ ಅಂಕಿಯವು? ಹತ್ತು ಇರಬೇಕಿತ್ತು. ಆದರೆ ಅವು ಯಾರಿಗೂ ಸಿಕ್ಕಿಲ್ಲ. ಇಂಟರ್ನೆಟ್ಟಿನ ಹೆಸರುಗಳ ಲೆಕ್ಕವನ್ನು ವರ್ಷಾನುಗಟ್ಟಲೆ ಬಹುಪಾಲು ಒಬ್ಬರೇ ನೋಡಿಕೊಂಡ ಜಾನ್ ಪೋಸ್ಟೆಲ್, 1993ರಲ್ಲಿ ಒಂದೇ ಅಕ್ಷರದ, ಒಂದೇ ಅಂಕಿಯ ಹೆಸರುಗಳನ್ನೆಲ್ಲಾ ಕಾದಿರಿಸಿ ಬೀಗ ಹಾಕಿದರು. ಮುಂದೆ ಹೆಸರುಗಳು ವಿಪರೀತ ಹೆಚ್ಚಾದರೆ ಮೊದಲ ಅಕ್ಷರದ ಪ್ರಕಾರ ವಿಂಗಡಿಸಿ ಇಡಲು ಬೇಕಾದೀತು ಎಂಬ ಆಲೋಚನೆ ಅವರದು. ಅಷ್ಟು ಹೊತ್ತಿಗಾಗಲೇ ಹೊರಗೆ ಹೋಗಿದ್ದ ಆರು ಹೆಸರುಗಳನ್ನು ಮಾತ್ರ ಬಿಟ್ಟುಕೊಟ್ಟರು. ಅವುಗಳಲ್ಲಿ ಒಂದು ಎಕ್ಸ್ ಡಾಟ್ ಕಾಮ್, ಹಿಂದೆ ಟ್ವಿಟರ್ ಎನಿಸಿದ್ದ ತಾಣ ಇಂದು ವಾಸವಾಗಿರುವ ಮನೆ. ಇನ್ನೊಂದು ಝಡ್ ಡಾಟ್ ಕಾಮ್. ಅದನ್ನು 2014ರಲ್ಲಿ ಜಪಾನಿನ ಜಿಎಂಒ ಕಂಪನಿ 80 ಕೋಟಿ ಯೆನ್‌ಗೆ ಕೊಂಡಿತು. ಆ ಆರರಲ್ಲಿ ಅಂಕಿ ಒಂದೂ ಇಲ್ಲ. ಹಾಗಾಗಿ ಡಾಟ್ ಕಾಮ್‌ನಲ್ಲಿ ಎರಡು ಅಂಕಿಯವೇ ಶಿಖರ.

ಶಿಖರದ ಬೆಲೆ ಕೇಳುತ್ತೀರಾ? 37 ಡಾಟ್ ಕಾಮ್ 2014ರಲ್ಲಿ ಸುಮಾರು 19.6 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಎರಡು ಅಂಕಿ! ಹಿಂದಿನ ವಾಕ್ಯದ ಕೊನೆಯ ಆಶ್ಚರ್ಯಚಿಹ್ನೆಗಿಂತ ಸ್ವಲ್ಪವೇ ಹೆಚ್ಚು ಜಾಗ ಬೇಕು ಅದಕ್ಕೆ. ಆದರೆ ಎಲ್ಲರೂ ಬಾಯಿ ಬಿಟ್ಟು ನೋಡಿದ್ದು 2015ರ ವ್ಯವಹಾರವನ್ನು. ಚೀನಾದಲ್ಲಿ ಕಂಪ್ಯೂಟರ್ ಸುರಕ್ಷತೆಯ ತಂತ್ರಾಂಶ ಮಾಡುವ ಚೀಹೂ 360 ಎಂಬ ಕಂಪನಿಗೆ ತನ್ನದೇ ಹೆಸರಿನ 360 ಡಾಟ್ ಕಾಮ್ ಬೇಕಿತ್ತು. ಅದು ಇದ್ದದ್ದು ಯಾರ ಬಳಿ? ಬ್ರಿಟನ್ನಿನ ವೋಡಾಫೋನ್ ಬಳಿ. ವೋಡಾಫೋನ್ 2009ರಲ್ಲಿ ‘ವೋಡಾಫೋನ್ 360’ ಎಂಬ ಮೊಬೈಲ್ ಸೇವೆ ಶುರುಮಾಡಿ, ಓಡದೆ, ಎರಡೇ ವರ್ಷದಲ್ಲಿ ಅದರ ಬಾಗಿಲು ಹಾಕಿತ್ತು. ಸೇವೆ ಸತ್ತಿತ್ತು, ಹೆಸರು ಬದುಕಿತ್ತು. ವರದಿಯಾದ ಬೆಲೆ 1.7 ಕೋಟಿ ಡಾಲರ್. ಅಂದಿನ ದರದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಸೋತ ಯೋಜನೆಯೊಂದು ಬಿಟ್ಟುಹೋದ ಮೂರು ಅಂಕಿಗೆ ನೂರು ಕೋಟಿ!

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ನೂರು ಕೋಟಿಯ ಈ ಹೆಸರಿಗೂ, ಬೀದಿ ಕೊನೆಯ ಬೇಕರಿಯ ಹೆಸರಿಗೂ ವರ್ಷದ ಮೂಲ ಬಾಡಿಗೆ ಒಂದೇ. ಡಾಟ್ ಕಾಮ್ ಪಟ್ಟಿಯನ್ನು ನಿರ್ವಹಿಸುವ ವೆರಿಸೈನ್, ಹೆಸರು ಮಾರುವ ರಿಜಿಸ್ಟ್ರಾರುಗಳಿಂದ ವಸೂಲಿ ಮಾಡುವ ಸಗಟು ದರ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 10.26 ಡಾಲರ್. ಅದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಆದ್ದರಿಂದಲೇ ಈ ಹೆಸರುಗಳನ್ನು ಹಿಡಿದಿಟ್ಟುಕೊಂಡು ಕಾಯುವುದು ಅಷ್ಟು ಸುಲಭ. ತೋಟಕ್ಕೆ ಬೇಲಿ ಬೇಕು, ಮನೆಗೆ ಸುಣ್ಣಬಣ್ಣ ಬೇಕು. ಈ ಆಸ್ತಿಗೆ ವರ್ಷಕ್ಕೆ ಒಂದು ಊಟದ ಖರ್ಚು ಸಾಕು.

ಬೆಲೆ ನಿರ್ಧಾರವಾಗುವ ಬಗೆಯಂತೂ ಇನ್ನೂ ಸೊಗಸು. ಅಂಕಿ ಕಡಿಮೆಯಾದಷ್ಟೂ ಬೆಲೆ ಹೆಚ್ಚು, ಸರಿ. ಆದರೆ ಅಷ್ಟೇ ಉದ್ದದ ಎರಡು ಹೆಸರುಗಳ ನಡುವೆ ನೆಲ ಮುಗಿಲಿನ ಅಂತರ ಬರುವುದು ಕಿವಿಯಿಂದ. 8, ಅಂದರೆ ‘ಬಾ’, ಸಂಪತ್ತು ಬೆಳೆಯುವುದನ್ನು ಹೇಳುವ ‘ಫಾ’ಗೆ ಹತ್ತಿರ. ಕ್ಯಾಂಟನೀಸ್ ನುಡಿಯಲ್ಲಂತೂ ‘ಬಾಟ್’ ಮತ್ತು ‘ಫಾಟ್’ ಇನ್ನೂ ಹತ್ತಿರ. ಈ ನಂಬಿಕೆಯ ತವರು ದಕ್ಷಿಣ ಚೀನಾವೇ. 6 ಸರಾಗ. 9 ದೀರ್ಘಕಾಲ ಬಾಳುವುದು. ಆದರೆ 4, ಅದರ ಸದ್ದು ಸಾವಿನ ಸದ್ದು. ಕಟ್ಟಡಗಳಲ್ಲಿ ನಾಲ್ಕನೇ ಮಹಡಿಯೇ ಮಾಯವಾಗುವ ನಾಡು ಅದು. ಒಂದು ಹೆಸರಿನಲ್ಲಿ ಒಂದೇ ಒಂದು 4 ಸೇರಿದರೆ ಸಾಕು, ಕೊಳ್ಳುವವರ ಸಾಲು ಕರಗುತ್ತದೆ.

ಮೂಢನಂಬಿಕೆ ಎಂದು ಪಕ್ಕಕ್ಕೆ ತಳ್ಳುವ ಮುಂಚೆ ನಮ್ಮ ಕಣದ ಕಡೆ ಒಮ್ಮೆ ತಿರುಗಿ ನೋಡೋಣ. ರಾಶಿ ಅಳೆಯುವ ರೈತ ಮೊದಲ ಕೊಳಗವನ್ನು ‘ಒಂದು’ ಎಂದು ಎಣಿಸುವುದಿಲ್ಲ, ‘ಲಾಭ’ ಎನ್ನುತ್ತಾನೆ. ಆಮೇಲೆ ಎರಡು, ಮೂರು. ಬಾಯಿಂದ ಬೀಳುವ ಮೊದಲ ಸದ್ದು ಒಳ್ಳೆಯದಿರಲಿ ಎಂಬ ಆಸೆ ಎಲ್ಲ ಕಡೆಯೂ ಒಂದೇ. ಚೀನೀಯರು ಅದಕ್ಕೆ ಬೆಲೆಚೀಟಿ ಅಂಟಿಸಿದರು, ಅಷ್ಟೆ.

ಎಂಥಾ ಬೆಲೆ ಅಂತೀರಿ! 2003ರಲ್ಲಿ ಸಿಚುವಾನ್ ಏರ್‌ಲೈನ್ಸ್ 8888-8888 ಎಂಬ ಫೋನ್ ನಂಬರನ್ನು ಹರಾಜಿನಲ್ಲಿ 23.3 ಲಕ್ಷ ಯುವಾನ್ ಕೊಟ್ಟು ಪಡೆಯಿತು. ಆಗಿನ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಮೇಲೆ, ಒಂದು ಫೋನ್ ನಂಬರಿಗೆ. ಹಾಂಗ್‌ಕಾಂಗ್‌ನಲ್ಲಿ 1973ರಿಂದಲೂ ವಾಹನಗಳ ನಂಬರು ಹರಾಜು ಹಾಕುತ್ತಾರೆ. 2016ರಲ್ಲಿ ಬರೀ ‘28’ ಎಂಬ ಫಲಕಕ್ಕೆ 1.81 ಕೋಟಿ ಹಾಂಗ್‌ಕಾಂಗ್ ಡಾಲರ್ ಬಂತು, ಯಾಕೆಂದರೆ ಕ್ಯಾಂಟನೀಸ್‌ನಲ್ಲಿ ಅದು ‘ಸುಲಭವಾಗಿ ಸಿರಿವಂತನಾಗು’ ಎಂದು ಕೇಳುತ್ತದೆ. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ ಎಂಟನೇ ತಿಂಗಳ ಎಂಟನೇ ತಾರೀಕು, ರಾತ್ರಿ ಎಂಟು ಗಂಟೆಗೆ. ಇಂಥ ನಾಡಿನಲ್ಲಿ ಡೊಮೇನ್ ಹೆಸರು, ಅಂದರೆ ಈ ಇಂಟರ್ನೆಟ್ ವಿಳಾಸ, ಮಾತ್ರ ಹೊರತಾಗಿ ಉಳಿದೀತೇ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ವ್ಯಾಪಾರಿಗಳು ತಮ್ಮನ್ನು ತಾವು ಕರೆದುಕೊಳ್ಳುವ ರೀತಿ. ಡೊಮೇನ್ ಹೆಸರಿಗೆ ಚೀನೀ ಪದ ‘ಯೂಮಿಂಗ್’. ಅದು ‘ಯೂಮಿ’ಗೆ, ಅಂದರೆ ಮೆಕ್ಕೆಜೋಳಕ್ಕೆ, ಹತ್ತಿರ. ಅದರಲ್ಲಿ ಮೊದಲ ತುಂಡನ್ನು ಕತ್ತರಿಸಿ ಬರೀ ‘ಮಿ’ ಎಂದರು. ಮಿ ಅಂದರೆ ಅಕ್ಕಿ. ಹಾಗಾಗಿ ಡೊಮೇನ್ ಹೂಡಿಕೆದಾರನಿಗೆ ಅಲ್ಲಿ ‘ಮಿನಾಂಗ್’ ಎಂಬ ಹೆಸರು, ಅಕ್ಕಿ ಬೆಳೆಯುವ ರೈತ! ಪರದೆಯ ಮುಂದೆ ಕುಳಿತು ಅಂಕಿಗಳನ್ನು ನಾಟಿ ಮಾಡಿ, ವರ್ಷ ವರ್ಷ ಶುಲ್ಕ ಕಟ್ಟಿ ನೀರುಣಿಸಿ, ಒಂದು ದಿನ ನಿಜವಾಗಿ ಅದನ್ನು ಬಳಸುವ ಕಂಪನಿ ಬಂದು ಕೊಳ್ಳಲಿ ಎಂದು ಕಾಯುವ ರೈತ.

ಆ ರೈತರ ಹುಚ್ಚು ಸುಗ್ಗಿ 2015ರ ಕೊನೆಯಲ್ಲಿ. ಆ ವರ್ಷದ ಜೂನ್‌ನಲ್ಲಿ ಶಾಂಘೈ ಷೇರುಪೇಟೆ ಕುಸಿದುಬಿತ್ತು. ಬೆಂಕಿಯಿಂದ ಓಡಿದ ದುಡ್ಡು ಸಣ್ಣ ಹೆಸರುಗಳತ್ತ ನುಗ್ಗಿತು. ಅಂಕಿಯ ಹೆಸರುಗಳು, ಸ್ವರಾಕ್ಷರಗಳೂ ವಿ ಅಕ್ಷರವೂ ಇಲ್ಲದ ನಾಲ್ಕಕ್ಷರದ ಹೆಸರುಗಳು, ಎಲ್ಲಕ್ಕೂ ‘ಚಿಪ್’ ಎಂದು ಹೆಸರಿಟ್ಟು ಜೂಜುಕಟ್ಟೆಯ ಬಿಲ್ಲೆಗಳ ಹಾಗೆ ಕೈಯಿಂದ ಕೈಗೆ ದಾಟಿಸತೊಡಗಿದರು. ಸ್ವರ ಯಾಕೆ ಬೇಡ? ಪಿನ್‌ಯಿನ್‌ನಲ್ಲಿ ಪದಗಳ ಮೊದಲಕ್ಷರವಾಗಿ ಅವು ಬರುವುದು ಕಡಿಮೆ. ವಿ ಅಂತೂ ಬರುವುದೇ ಇಲ್ಲ. ಹೆಸರಿಗೆ ಅರ್ಥ ಬೇಕಾಗಿರಲಿಲ್ಲ, ಬಳಸುವವರು ಬೇಕಾಗಿರಲಿಲ್ಲ. ಎಷ್ಟು ಅಂಕಿ, ಸೊನ್ನೆ ನಾಲ್ಕು ಇದೆಯೋ ಇಲ್ಲವೋ, ಅಷ್ಟು ಹೇಳಿದರೆ ಬೆಲೆ ಸಿದ್ಧ. ಬೆಳಗಿನ ಬೆಲೆ ಸಂಜೆಗೆ ಹಳೆಯದು. 2016ರಲ್ಲಿ ಗಾಳಿ ತಿರುಗಿತು. ಉದ್ದನೆಯ, ಸಾಧಾರಣ ಅಂಕಿಗಳನ್ನು ರಾಶಿ ಹಾಕಿಕೊಂಡವರು ಅಲ್ಲೇ ಸಿಕ್ಕಿಬಿದ್ದರು. ಎರಡು ಮೂರು ಅಂಕಿ ಹಿಡಿದವರು ನೆಮ್ಮದಿಯಾಗಿದ್ದರು. ನೂರು ನೂರೇ, ಸಾವಿರ ಸಾವಿರವೇ. ಲಕ್ಷ ದಾಟಿದಮೇಲೆ ವಿರಳತೆ ಎಂಬ ಮಾತಿಗೆ ಬಲವಿಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ಡಾಟ್ ಕಾಮ್‌ನಂಥದೇ ಇನ್ನೊಂದು ಬಾಲವಾದ ಡಾಟ್ ಎಕ್ಸ್‌ವೈಝಡ್ ಕಡೆ ಹೋಗಬೇಕು. 2017ರ ಜೂನ್‌ನಲ್ಲಿ ಅದನ್ನು ನಡೆಸುವವರು ಆರರಿಂದ ಒಂಬತ್ತು ಅಂಕಿಯ ಎಲ್ಲ ಹೆಸರುಗಳನ್ನೂ ವರ್ಷಕ್ಕೆ 99 ಸೆಂಟಿಗೆ ಕೊಡಲು ಶುರುಮಾಡಿದರು. ಒಟ್ಟು ಎಷ್ಟು ಹೆಸರು ಗೊತ್ತೇ? ಹತ್ತು ಲಕ್ಷ, ಕೋಟಿ, ಹತ್ತು ಕೋಟಿ, ನೂರು ಕೋಟಿ, ಎಲ್ಲ ಕೂಡಿದರೆ 111 ಕೋಟಿ 10 ಲಕ್ಷ! ನಿಮ್ಮ ಜನ್ಮದಿನ, ನಿಮ್ಮೂರಿನ ಪಿನ್‌ಕೋಡ್, ಎಲ್ಲಕ್ಕೂ ಒಂದೊಂದು ವಿಳಾಸ. ಸೊಗಸಾದ ಯೋಚನೆ, ಬಳಸುವವರಿಗೆ ವರ. ಹೂಡಿಕೆದಾರನಿಗೆ ಮಾತ್ರ ಅಲ್ಲಿ ಅಗೆಯಲು ನಿಧಿ ಇಲ್ಲ.

ಸರಿ, ಇಷ್ಟು ದುಡ್ಡು ಕೊಟ್ಟು ಕೊಂಡವನ ಕೈಗೆ ನಿಜಕ್ಕೂ ಬಂದದ್ದೇನು? ಇಲ್ಲಿ ಎದೆ ಝಲ್ಲೆನ್ನುತ್ತದೆ. ಅವನು ಕೊಂಡದ್ದು ಗುತ್ತಿಗೆ. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಶುಲ್ಕ ಕಟ್ಟಬಹುದು, ಅದಕ್ಕಿಂತ ಮುಂದಕ್ಕೆ ಯಾರಿಗೂ ಹೋಗಲಾಗದು. ನವೀಕರಿಸಲು ಮರೆತರೆ ಮೊದಲು 45 ದಿನದವರೆಗೆ ಕೃಪಾವಧಿ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಯಾರೂ ಮುಟ್ಟಲಾಗದ 5 ದಿನ. ಆರನೇ ದಿನ ಹೆಸರು ಕೆಳಗೆ ಬೀಳುತ್ತದೆ. ಈ ವ್ಯಾಪಾರದಲ್ಲಿ ಅದಕ್ಕೆ ‘ಡ್ರಾಪ್’ ಎಂದೇ ಹೆಸರು. ಬಿದ್ದ ಹೆಸರು ನೆಲ ಮುಟ್ಟುವ ಮೊದಲೇ ಹಿಡಿಯಲು ಬೇರೆ ಕಂಪನಿಗಳೇ ಇವೆ. ಅವುಗಳ ಯಂತ್ರಗಳು ಆ ಕ್ಷಣಕ್ಕಾಗಿ ಕಾದು ಕುಳಿತು, ಹೆಸರು ಬಿಡುಗಡೆಯಾಗುತ್ತಲೇ ಸಾಲು ಸಾಲಾಗಿ ಕೇಳಿಕೆ ಎಸೆಯುತ್ತವೆ. ಮನುಷ್ಯನ ಬೆರಳು ಅಲ್ಲಿಗೆ ತಲುಪುವುದೇ ಇಲ್ಲ.

ಇನ್ನೊಂದು ಕಿವಿಮಾತು, ಇದನ್ನು ಚೀನೀ ಖರೀದಿದಾರರಿಂದಲೇ ಕಲಿಯಬೇಕು. ಹೆಸರು ಕೊಳ್ಳುವ ಮುಂಚೆ ಅವರು ಅದರ ಪೂರ್ವಾಶ್ರಮ ವಿಚಾರಿಸುತ್ತಾರೆ. ಅಂಕಿಯ ಹೆಸರುಗಳನ್ನು ಜೂಜಿನ ತಾಣಗಳು ಹೇರಳವಾಗಿ ಬಳಸಿವೆ. ಹಾಗೆ ಬಳಕೆಯಾದ ಹೆಸರನ್ನು ಚೀನಾದ ಜಾಲ ನಿರ್ಬಂಧ ವ್ಯವಸ್ಥೆ ತಡೆದಿದ್ದರೆ ಅದಕ್ಕೆ ‘ಗೋಡೆಗೆ ಸಿಕ್ಕ ಹೆಸರು’ ಎನ್ನುತ್ತಾರೆ. ನೋಡಲು ಎಷ್ಟೇ ಚೆಂದದ 8, 6 ಇದ್ದರೂ ಆ ನಾಡಿನ ಒಳಗೆ ಅದು ತೆರೆಯುವುದೇ ಇಲ್ಲ, ಬೆಲೆ ಪಾತಾಳಕ್ಕೆ. ಹಳೆಯ ಪುಟಗಳ ದಾಖಲೆ ನೋಡದೆ, ಎಸ್ಕ್ರೋ ಇಲ್ಲದೆ ಒಂದು ಪೈಸೆಯನ್ನೂ ಕೊಡಬಾರದು. ಎಸ್ಕ್ರೋ ಅಂದರೆ ಹೆಸರು ಕೈಗೆ ಬರುವ ತನಕ ದುಡ್ಡನ್ನು ನಡುವೆ ಹಿಡಿದಿಡುವ ಮೂರನೆಯವರು.

ಕಾನೂನಿನ ಮಾತು ಬಂದಾಗ ಬೆಂಗಳೂರು ತಾನಾಗಿಯೇ ಕಥೆಯೊಳಗೆ ಬರುತ್ತದೆ. ಡೊಮೇನ್ ಹೆಸರು ಬರೀ ವಿಳಾಸವೋ, ಅಥವಾ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಸಿಗಬೇಕಾದ ಗುರುತೋ? ಭಾರತದಲ್ಲಿ ಈ ಪ್ರಶ್ನೆಗೆ ಅಂತಿಮ ಉತ್ತರ ಸಿಕ್ಕ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರಿನ ತಾಣಗಳಿದ್ದವು. ಇನ್ನೊಂದು ಕಂಪನಿ ಸಿಫಿನೆಟ್ ಎಂದೇ ಕೇಳುವ ಹೆಸರು ಮಾಡಿಕೊಂಡಿತ್ತು, ಕಾಗುಣಿತದಲ್ಲಿ ಒಂದೇ ಒಂದು ಎಫ್ ಹೆಚ್ಚು. ಸಿವಿಲ್ ಕೋರ್ಟು ತಡೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆಗೆದುಹಾಕಿತು, 2004ರ ಮೇ 6ರಂದು ಸುಪ್ರೀಂ ಕೋರ್ಟು ಮತ್ತೆ ಸತ್ಯಂ ಪರ ನಿಂತಿತು: ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣಗಳಿವೆ ಎಂದು. ಕಣ್ಣಿಗೆ ಬೇರೆಯಾಗಿ ಕಂಡರೂ ಕಿವಿಗೆ ಒಂದೇ ಆಗಿ ಕೇಳಿದರೆ ಸಾಕು. ಇಲ್ಲೂ ಗೆದ್ದದ್ದು ಸದ್ದೇ!

ಅಂಕಿಗೂ ಇದು ಅನ್ವಯಿಸುತ್ತದೆ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಗುರುತು ಎಂದರೇನು ಎಂದು ಹೇಳುವಾಗ ಅಂಕಿಯನ್ನೂ ಹೆಸರಿಸುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಷ್ಟೋ ತಲೆಮಾರು ನೋಡಿದ 501 ಬಾರ್ ಸೋಪನ್ನು ನೆನೆಸಿಕೊಳ್ಳಿ, ಸಂಖ್ಯೆಯೇ ಹೆಸರಾಗಿತ್ತಲ್ಲ. ಹಾಗಾಗಿ ಯಾರದೋ ಪ್ರಸಿದ್ಧ ಅಂಕಿಯನ್ನು ಕಾದು ಹಿಡಿದು ಅವರಿಗೇ ಮಾರುತ್ತೇನೆ ಎಂಬ ಲೆಕ್ಕಾಚಾರ ಹೂಡಿಕೆಯಲ್ಲ. 1999ರಲ್ಲಿ ಬಂದ ಅಂತಾರಾಷ್ಟ್ರೀಯ ವಿವಾದ ನಿಯಮದಡಿ, ದುರುದ್ದೇಶ ಸಾಬೀತಾದರೆ ಹೆಸರು ಬಿಡಿಗಾಸಿಲ್ಲದೆ ಕೈತಪ್ಪುತ್ತದೆ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಈ ಮಾರುಕಟ್ಟೆಗೆ ಇಳಿಯಬೇಕೆನ್ನುವವರಿಗೆ ನನ್ನ ಮಾತು ಒಂದೇ. ಮೊದಲು ಅಂಕಿಗಳನ್ನು ಚೀನೀಯರ ಬಾಯಿಂದ ಕೇಳಿಸಿಕೊಳ್ಳಿ. ನಮ್ಮ ಕಣ್ಣಿಗೆ 7474 ಲಯಬದ್ಧ, ನೆನಪಿಡಲು ಸುಲಭ. ಅಲ್ಲಿಯವರ ಕಿವಿಗೆ ಅದರಲ್ಲಿ ಎರಡು ಸಲ ಸಾವಿದೆ. ನಮಗೆ 5188 ಎಂಬುದು ಲಾರಿಯೊಂದರ ನಂಬರು. ಅವರಿಗೆ ಅದು ‘ನಾನು ಸಿರಿವಂತನಾಗಬೇಕು, ಆಗಬೇಕು’ ಎಂಬ ಹಾರೈಕೆ. ಆ ಸದ್ದು ಕೇಳದೆ ಕೊಂಡರೆ ಕಣ್ಣು ಕಟ್ಟಿಕೊಂಡು ಸೀರೆ ಆರಿಸಿದಂತೆ.

ಅದಿರಲಿ, ಪೋಸ್ಟೆಲ್ ಬೀಗ ಹಾಕಿದ ಒಂದಂಕಿಯ ಆ ಹತ್ತು ಹೆಸರುಗಳ ಗತಿ? ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸೇ ಬರುತ್ತಿಲ್ಲ. 2019ರ ಮಾರ್ಚ್‌ನಲ್ಲಿ ಇಂಟರ್ನೆಟ್ ಹೆಸರುಗಳ ಮೇಲುಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ ಒಂದು ಸಣ್ಣ ಬಿರುಕು ತೆರೆಯಿತು. ಒಂದೇ ಅಕ್ಷರದ ‘ಓ’ ಡಾಟ್ ಕಾಮ್ ಅನ್ನು ಹರಾಜಿಗೆ ಬಿಡಲು ವೆರಿಸೈನ್‌ಗೆ ಒಪ್ಪಿಗೆ ಕೊಟ್ಟಿತು, ಪ್ರಯೋಗವಾಗಿ, ಅದೊಂದನ್ನೇ. ಅಂದರೆ ಪೋಸ್ಟೆಲ್ ಹಾಕಿದ ಬೀಗ ತೆಗೆಯಲಾಗದ ಬೀಗವೇನಲ್ಲ! ಚೀನಾದ ಸ್ವಂತ ಬಾಲವಾದ ಡಾಟ್ ಸಿಎನ್‌ನಲ್ಲಂತೂ ಒಂದಂಕಿಯ ಹೆಸರುಗಳು ಈಗಾಗಲೇ ಓಡಾಡುತ್ತಿವೆ: 6 ಡಾಟ್ ಸಿಎನ್ ಒಂದು ವಿಡಿಯೋ ತಾಣ. ಯಾರಿಗೂ ಬೇಡದ 4 ಇದೆಯಲ್ಲ, ಆ 4 ಡಾಟ್ ಸಿಎನ್ ಏನು ಗೊತ್ತೇ? ಡೊಮೇನ್ ಹೆಸರುಗಳನ್ನೇ ಕೊಂಡು ಮಾರುವ ಪೇಟೆ! ಸಾವಿನ ಸದ್ದಿನ ಅಂಕಿಯೂ ಒಂಟಿಯಾಗಿ ನಿಂತರೆ ಅಷ್ಟು ಬಾಳುತ್ತದೆ ಎಂದಾದರೆ, ಎರಡಂಕಿಯ 37ಕ್ಕೇ 19.6 ಲಕ್ಷ ಡಾಲರು ಸುರಿದ ಈ ಲೋಕದಲ್ಲಿ, ನಾಳೆ ಯಾವತ್ತೋ ಒಂದು ಬೆಳಿಗ್ಗೆ ವೆರಿಸೈನ್ 8 ಡಾಟ್ ಕಾಮ್ ಹರಾಜಿಗಿದೆ ಎಂದು ಪ್ರಕಟಿಸಿದರೆ, ಮೊದಲ ಕೂಗು ಎಷ್ಟರಿಂದ ಶುರುವಾದೀತು?